ಅಗಸಿಯ ಕೀಲಿಕೈ ಯಾರ ಕೈಯಲ್ಲಿರಬೇಕು?

ನಮ್ಮ ಗದಗ ಸೀಮೆಯ ಹಳೆಯ ಹಳ್ಳಿಗಳಲ್ಲಿ ಅಗಸಿ ಎಂಬದೊಂದು ಇರುತ್ತಿತ್ತು. ಇಂದು ಹಲವು ಕಡೆ ಅದರ ಕದ ಹೋಗಿ ಕಮಾನು ಉಳಿದಿದೆ. ಕೆಲವು ಕಡೆ ಕಮಾನೂ ಹೋಗಿ ಹೆಸರಷ್ಟೇ ಉಳಿದಿದೆ. ಹಗಲು ತೆರೆದು ರಾತ್ರಿ ಮುಚ್ಚುವ ಆ ಬಾಗಿಲು ಊರಿನ ರಕ್ಷಣೆಗೆ ಎಷ್ಟು ಅವಶ್ಯವಾಗಿತ್ತೋ ಊರಿನ ಸ್ವಾತಂತ್ರ್ಯಕ್ಕೂ ಅಷ್ಟೇ ಅವಶ್ಯವಾಗಿತ್ತು. ಬಾಗಿಲಿಲ್ಲದ ಊರು ಕಳ್ಳರ ಪಾಲು. ಸದಾ ಮುಚ್ಚಿದ ಊರು ಹಸಿವಿನ ಪಾಲು. ಸಂತೆಯ ಚಕ್ಕಡಿ ಒಳಗೆ ಬರಬೇಕು, ಒಳಗಿನ ಕಾಳುಕಡಿ ಹೊರಗೆ ಹೋಗಬೇಕು. ಆದರೆ ಬಂದವರು ಯಾರು, ಯಾರ ಮನೆಗೆ ಬಂದರು, ಹೋಗುವಾಗ ಏನು ಒಯ್ದರು ಎಂಬದು ಊರವರಿಗೆ ತಿಳಿದಿರಬೇಕು. ಅಗಸಿಯ ತತ್ವವೆಲ್ಲ ಇಷ್ಟೇ.

ಈ ಲೇಖನದ ವಿಷಯ ಆ ಹಳೆಯ ಅಗಸಿಯಲ್ಲ. ಬಾಳೆಹೊಸೂರಿನಂಥ ಹಳ್ಳಿಯಿಂದ ದಿನಾಲು ಬಸ್ಸು ಹಿಡಿದು ಕಾಲೇಜಿಗೆ ಬರುವ ವಿದ್ಯಾರ್ಥಿಯ ಕಿಸೆಯಲ್ಲಿರುವ ಹೊಸ ಅಗಸಿ. ಅವನ ಫೋನಿನೊಳಗೆ ಅವನ ಗೆಳೆಯರ ಹೆಸರುಗಳಿವೆ, ಮನೆಯವರ ಭಾವಚಿತ್ರಗಳಿವೆ, ಬ್ಯಾಂಕಿನ ವ್ಯವಹಾರವಿದೆ, ಅವನು ಎಲ್ಲಿ ಯಾವಾಗ ಇದ್ದನೆಂಬ ಲೆಕ್ಕವಿದೆ. ಒಂದು ಕಾಲಕ್ಕೆ ಇಡೀ ಮನೆಯ ತಿಜೋರಿ, ಪೆಟ್ಟಿಗೆ, ನಾಗಂದಿಗೆಗಳಲ್ಲಿ ಹಂಚಿಹೋಗಿದ್ದ ಬದುಕು ಈಗ ಅಂಗೈಯಗಲದ ವಸ್ತುವಿನಲ್ಲಿ ಸೇರಿಕೊಂಡಿದೆ. ಇದಕ್ಕೂ ಒಂದು ಬಾಗಿಲುಂಟು. ಆ ಬಾಗಿಲಲ್ಲಿ ಕಾವಲೂ ಉಂಟು. ಕೀಲಿಕೈ ಮಾತ್ರ ಫೋನಿನ ಒಡೆಯನ ಕೈಯಲ್ಲಿ ಇಲ್ಲ. ಇದು ಸರಿಯಲ್ಲವೆಂದು ಹೇಳುವದೇ ಪ್ರಕೃತ ಲೇಖನದ ಉದ್ದೇಶ.

ಕಲಾವಿಭಾಗದ ವಿದ್ಯಾರ್ಥಿಗಳಿಗೆ ಯಂತ್ರದೊಳಗಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಯಂತ್ರವನ್ನು ಕಟ್ಟುವದು ಎಂಜಿನಿಯರರ ಕೆಲಸವೆಂಬದು ನಿಜ. ಆದರೆ ಯಾರು ಯಾರಿಗೆ ಅಪ್ಪಣೆ ಕೊಡಬೇಕು, ಅಪ್ಪಣೆ ಕೊಡುವವನಿಗೆ ಲಗಾಮು ಯಾವದು, ಪ್ರಜೆಗೆ ಅದು ತಿಳಿಯುವ ಬಗೆ ಹೇಗೆ ಎಂಬ ಪ್ರಶ್ನೆಗಳು ರಾಜ್ಯಶಾಸ್ತ್ರದವು. ಅವು ಸಂವಿಧಾನದ ಪುಟಗಳಲ್ಲಿ ಎದ್ದಾಗ ಅಧ್ಯಯನ ಮಾಡುವ ನಾವು, ಕಿಸೆಯೊಳಗೆ ಎದ್ದಾಗ ಮುಖ ತಿರುಗಿಸುವದು ತರವಲ್ಲ.

ಮೊದಲು ಬಾಗಿಲು ಎಲ್ಲಿದೆಯೆಂಬದನ್ನು ನೋಡೋಣ. ಗಣಕಯಂತ್ರವಾಗಲಿ ಫೋನಾಗಲಿ, ಅದರೊಳಗೆ ಎರಡು ಬಗೆಯ ತಂತ್ರಾಂಶಗಳಿರುತ್ತವೆ. ಒಂದು, ಕಣ್ಣಿಗೆ ಕಾಣುವ ಆ್ಯಪುಗಳು. ಇನ್ನೊಂದು, ಅವೆಲ್ಲವುಗಳ ಕೆಳಗೆ ಕುಳಿತು ಯಂತ್ರದ ಕಾರಭಾರ ನಡೆಸುವ ಆಪರೇಟಿಂಗ್ ಸಿಸ್ಟಮ್. ಈ ಎರಡನೆಯದರ ನಟ್ಟನಡುವಿನ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಕರ್ನೆಲ್ ಎಂದರೆ ತಿರುಳು. ಫಿನ್ಲಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ಕರ್ನೆಲೇ ಇಂದಿನ ಎಲ್ಲ ಆಂಡ್ರಾಯ್ಡ್ ಫೋನುಗಳ ತಿರುಳು. ಯಾವ ಆ್ಯಪೂ ತಾನೇ ನೇರವಾಗಿ ತಂತಿಯನ್ನಾಗಲಿ ತರಂಗವನ್ನಾಗಲಿ ಮುಟ್ಟಲಾರದು. ಹೊರಜಗತ್ತಿಗೆ ಒಂದಕ್ಷರ ಕಳಿಸಬೇಕಾದರೂ ಅದು ಕರ್ನೆಲಿನ ಮುಂದೆ ಬೇಡಿಕೆ ಇಡಬೇಕು. ಹೊರಗಿನಿಂದ ಬಂದ ಒಂದಕ್ಷರವೂ ಕರ್ನೆಲಿನ ಕೈದಾಟಿಯೇ ಒಳಗೆ ಬರಬೇಕು. ಆದುದರಿಂದ ಕಾವಲಿಗೆ ತಕ್ಕ ಸ್ಥಳ ಅದೊಂದೇ. ಆ್ಯಪು ತನ್ನನ್ನು ತಾನೇ ಕಾಯ್ದುಕೊಳ್ಳಲಿ ಎಂದು ಬಿಡುವದು, ಹೊಲಕ್ಕೆ ನುಗ್ಗಬಹುದಾದ ದನಕ್ಕೇ ಬೇಲಿಯ ಕೆಲಸ ಒಪ್ಪಿಸಿದಂತೆ.

ಇನ್ನು ಕಾವಲಿನ ಬಗೆ. ಜಾಲದಲ್ಲಿ ಸಾಗುವ ಮಾತು, ಚಿತ್ರ, ಹಾಡು ಎಲ್ಲವೂ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ತುಂಡರಿಸಿ ಹೋಗುತ್ತವೆ. ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಅಂಚೆಯ ಲಕೋಟೆಯ ಮೇಲಿರುವಂತೆ ಕಳಿಸಿದವನ ವಿಳಾಸ, ಮುಟ್ಟಬೇಕಾದವನ ವಿಳಾಸ ಇರುತ್ತವೆ. ಜೊತೆಗೆ ಪೋರ್ಟ್ ಎಂಬ ಬಾಗಿಲ ಸಂಖ್ಯೆಯೂ ಇರುತ್ತದೆ. ಅಂಚೆಗೆ 25, ಹೆಸರಿನಿಂದ ವಿಳಾಸ ಹುಡುಕುವದಕ್ಕೆ 53, ಗುಪ್ತಲಿಪಿಯಲ್ಲಿ ಸಾಗುವ ಜಾಲಪುಟಗಳಿಗೆ 443 ಎಂಬಂತೆ ಸಂಖ್ಯೆಗಳು ರೂಢವಾಗಿವೆ. ಕರ್ನೆಲಿನೊಳಗಿನ ಕಾವಲುಗಾರನು ಮೊದಮೊದಲು ಲಕೋಟೆಯ ಮೇಲಿನ ಬರಹವನ್ನಷ್ಟೇ ಓದುತ್ತಿದ್ದನು. ಪ್ಯಾಕೆಟ್ಟುಗಳನ್ನು ಕರ್ನೆಲಿನಲ್ಲಿಯೇ ಬೇಗಬೇಗ ಸೋಸಿ ಬೇಕಾದವನ್ನಷ್ಟೇ ಆರಿಸಿಕೊಳ್ಳುವ ಒಂದು ಹಂಚಿಕೆಯನ್ನು ಅಮೆರಿಕೆಯ ಬರ್ಕ್ಲಿಯ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ ಎಂಬವರು 1993ರಲ್ಲಿ ಪ್ರಕಟಿಸಿದರು. ಲಿನಕ್ಸಿನಲ್ಲಿ ರಸ್ಟಿ ರಸೆಲ್ ಮೊದಲಾದವರು ರೂಪಿಸಿದ ನೆಟ್‌ಫಿಲ್ಟರ್ ಎಂಬ ಏರ್ಪಾಡು 2001ರಲ್ಲಿ ಹೊರಬಂದ 2.4ನೆಯ ಆವೃತ್ತಿಯೊಂದಿಗೆ ಬಳಕೆಗೆ ಬಂದಿತು. ಅದರಲ್ಲಿ ಪ್ಯಾಕೆಟ್ಟಿನ ದಾರಿಯ ಮೇಲೆ ಐದು ಚೌಕಿಗಳಿವೆ: ಬಂದೊಡನೆ ಒಂದು, ಈ ಯಂತ್ರಕ್ಕೇ ಬಂದುದಾದರೆ ಒಂದು, ಇಲ್ಲಿಂದ ಹಾಯ್ದು ಬೇರೆಡೆಗೆ ಹೋಗುವದಾದರೆ ಒಂದು, ಈ ಯಂತ್ರದಲ್ಲಿಯೇ ಹುಟ್ಟಿದುದಾದರೆ ಒಂದು, ಕಡೆಗೆ ಹೊಸಿಲು ದಾಟುವ ಮುನ್ನ ಒಂದು. ಪ್ರತಿ ಚೌಕಿಯಲ್ಲಿಯೂ ನಿಯಮಗಳ ಪಟ್ಟಿಯನ್ನು ತೂಗುಹಾಕಬಹುದು. ಕಾವಲುಗಾರನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾನೆ. ಬಿಡು ಎಂದೋ ತಡೆ ಎಂದೋ ಹೇಳುವ ಮೊದಲ ನಿಯಮ ಹೊಂದಿದಲ್ಲಿಗೆ ತೀರ್ಪು ಮುಗಿಯುತ್ತದೆ. ಯಾವ ನಿಯಮವೂ ಹೊಂದದಿದ್ದರೆ ಏನು ಮಾಡಬೇಕೆಂಬದನ್ನು ಪಟ್ಟಿಯ ತುದಿಗೆ ಮೊದಲೇ ಗೊತ್ತುಪಡಿಸಿರಬೇಕು.

ಇಡೀ ವಿಷಯದ ಮರ್ಮ ಈ ಕಡೆಯ ಮಾತಿನಲ್ಲಿದೆ. ಪಟ್ಟಿಯಲ್ಲಿ ಹೆಸರಿಲ್ಲದವನು ಬಂದರೆ ಬಿಡಬೇಕೆ, ತಡೆಯಬೇಕೆ? ಬೇಡವಾದವರ ಹೆಸರು ಬರೆದಿಟ್ಟು ಉಳಿದವರನ್ನೆಲ್ಲ ಬಿಡುವದು ಒಂದು ಪದ್ಧತಿ; ಬೇಕಾದವರ ಹೆಸರು ಬರೆದಿಟ್ಟು ಉಳಿದವರನ್ನು ನಿಲ್ಲಿಸಿ ವಿಚಾರಿಸುವದು ಇನ್ನೊಂದು. ಮೊದಲನೆಯದು ಸುಲಭವಾಗಿ ಕಾಣುತ್ತದೆ. ಆದರೆ ಕಳ್ಳರ ಪಟ್ಟಿ ಎಂದಿಗೂ ಪೂರ್ಣವಾಗದು, ನೆಂಟರ ಪಟ್ಟಿ ಮಾತ್ರ ಪೂರ್ಣವಾಗಬಲ್ಲದು. ಅದಕ್ಕಾಗಿಯೇ ಅನುಭವಿಗಳು ಎರಡನೆಯದನ್ನು ಮೆಚ್ಚುತ್ತಾರೆ.

ಆದರೆ ಲಕೋಟೆಯ ಮೇಲಿನ ಬರಹವನ್ನು ಓದಿದ ಮಾತ್ರಕ್ಕೆ ಕಾವಲಾಗುವದಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬವನೊಬ್ಬನಿದ್ದನು. ಸುಂಕ ವಸೂಲಿಯೇ ಅವನ ಕಾಯಕ. ಅಂಥ ಕಾಯಕದವನು ಬಂಡಿಯ ಬಣ್ಣ ನೋಡಿ ಬಿಡಲಾರ. ಸರಕು ಯಾವದು, ಸರಕಿನ ಒಡೆಯ ಯಾರು ಎಂದು ಕೇಳಲೇಬೇಕು. ಇಂದು ಜಾಲದ ಬಂಡಿಗಳ ಬಣ್ಣವೆಲ್ಲ ಒಂದೇ ಆಗಿದೆ. ಬ್ಯಾಂಕಿನ ಆ್ಯಪು ಹೊರಡುವದು 443ನೆಯ ಬಾಗಿಲಿಗೆ. ಜಾಹೀರಾತಿನವರಿಗೆ ಚಾಡಿ ಹೇಳುವ ಆ್ಯಪು ಹೊರಡುವದೂ ಅದೇ ಬಾಗಿಲಿಗೆ. ಒಳಗಿನ ಸರಕು ಗುಪ್ತಲಿಪಿಯಲ್ಲಿ ಇರುವದರಿಂದ ಬಿಚ್ಚಿ ನೋಡುವಂತೆಯೂ ಇಲ್ಲ. ಬಿಚ್ಚಿ ನೋಡಬಾರದೆಂಬದೇ ಸರಿ. ಹಾಗಾದರೆ ಉಳಿಯುವ ಪ್ರಶ್ನೆ ಒಂದೇ: ಕಳಿಸುತ್ತಿರುವವರು ಯಾರು?

ಈ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಕರ್ನೆಲ್ ಒಂದೇ, ಏಕೆಂದರೆ ಬೇಡಿಕೆ ಬಂದದ್ದು ಯಾವ ಪ್ರೋಗ್ರಾಮಿನಿಂದ ಎಂಬದು ಅದಕ್ಕೆ ಹುಟ್ಟಾ ಗೊತ್ತು. ಹೊರಗಿನ ರಸ್ತೆಯಲ್ಲಿ ಕುಳಿತ ಯಾವ ಕಾವಲುಗಾರನಿಗೂ ಅದು ಹಾಗೆ ತಿಳಿಯದು. ಕರ್ನೆಲ್ ಕಟ್ಟುವವರು ಈ ದಿಕ್ಕಿನಲ್ಲಿ ಬಹಳ ದುಡಿದಿದ್ದಾರೆ. 2006ರಲ್ಲಿ, ಪ್ಯಾಕೆಟ್ಟಿಗೆ ಒಂದು ಗುರುತಿನ ಚೀಟಿ ಅಂಟಿಸಿ, ಆ ಚೀಟಿಯಿರುವ ಪ್ಯಾಕೆಟ್ಟನ್ನು ಯಾವ ಪ್ರೋಗ್ರಾಮು ಕಳಿಸಬಹುದು, ಯಾವದು ಪಡೆಯಬಹುದು ಎಂದು ನಿರ್ಣಯಿಸುವ ಸೌಕರ್ಯ ಲಿನಕ್ಸಿಗೆ ಸೇರಿತು. 2024ರ ಜನೆವರಿಯಲ್ಲಿ ಬಂದ 6.7ನೆಯ ಆವೃತ್ತಿಯಲ್ಲಿ ಲ್ಯಾಂಡ್‌ಲಾಕ್ ಎಂಬ ವ್ಯವಸ್ಥೆ ಜಾಲಕ್ಕೂ ವಿಸ್ತರಿಸಿತು. ಇದರಲ್ಲಿ ಪ್ರೋಗ್ರಾಮು ತಾನಾಗಿಯೇ, ಇಂತಿಂಥ ಬಾಗಿಲುಗಳ ಹೊರತು ಬೇರೆಲ್ಲಿಗೂ ಟಿಸಿಪಿ ಸಂಪರ್ಕ ಬೆಳೆಸೆನು ಎಂದು ವ್ರತ ತೊಡಬಹುದು; ಒಮ್ಮೆ ತೊಟ್ಟ ವ್ರತವನ್ನು ತಾನೂ ಮುರಿಯಲಾರದು, ಅದರಿಂದ ಹುಟ್ಟಿದ ಮರಿ ಪ್ರೋಗ್ರಾಮುಗಳೂ ಮುರಿಯಲಾರವು.

ಇಲ್ಲಿ ಕಟ್ಟುವವರ ಕಷ್ಟವನ್ನೂ ಹೇಳುವದು ನ್ಯಾಯ. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಸಾಮಾನ್ಯ ತಂತಿಯೊಂದರಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳು ಸೆಕೆಂಡಿಗೆ ಸುಮಾರು 14 ಲಕ್ಷ 88 ಸಾವಿರದವರೆಗೆ ಬರಬಹುದು. ಒಂದೊಂದನ್ನೂ ನಿಲ್ಲಿಸಿ ಉದ್ದದ ಪಟ್ಟಿ ಓದುತ್ತ ಕುಳಿತರೆ ಅಗಸಿಯ ಮುಂದೆ ಚಕ್ಕಡಿಗಳ ಸಾಲು ಬೆಳೆದು ಊರಿನ ವ್ಯವಹಾರವೇ ನಿಲ್ಲುವದು. ಆದುದರಿಂದ ಜಾಣ ಏರ್ಪಾಡೆಂದರೆ, ಕಠಿಣ ಪ್ರಶ್ನೆಯನ್ನು ಸಂಪರ್ಕ ಆರಂಭವಾಗುವಾಗ ಒಮ್ಮೆ ಕೇಳಿ, ಒಪ್ಪಿಗೆಯಾದ ಮೇಲೆ ಅದೇ ಸಂಪರ್ಕದ ಉಳಿದ ಪ್ಯಾಕೆಟ್ಟುಗಳನ್ನು ಗುರುತು ಹಿಡಿದು ಬೇಗನೆ ಬಿಡುವದು. ಭದ್ರತೆಯೆಂದರೆ ಎಲ್ಲರನ್ನೂ ಎಲ್ಲ ಹೊತ್ತೂ ಕಾಡುವದಲ್ಲ. ತಕ್ಕ ಹೊತ್ತಿನಲ್ಲಿ ತಕ್ಕ ಪ್ರಶ್ನೆ ಕೇಳುವದು.

ಸಾಧನಗಳು ಇಷ್ಟು ಚೆನ್ನಾಗಿವೆ. ಹಾಗಾದರೆ ಕೊರತೆಯೆಲ್ಲಿ? ಆಂಡ್ರಾಯ್ಡ್ ಫೋನಿನ ಉದಾಹರಣೆಯನ್ನೇ ನೋಡಿರಿ. ಅಲ್ಲಿ ಪ್ರತಿಯೊಂದು ಆ್ಯಪಿಗೂ ಕರ್ನೆಲಿನ ಲೆಕ್ಕದಲ್ಲಿ ಬೇರೆ ಬೇರೆ ಬಳಕೆದಾರನ ಸಂಖ್ಯೆ ಕೊಡಲಾಗುತ್ತದೆ; ಒಂದೇ ಚಾಳಿನಲ್ಲಿ ಪ್ರತಿಯೊಬ್ಬ ಬಾಡಿಗೆದಾರನಿಗೂ ಬೇರೆ ಕೋಣೆ ಕೊಟ್ಟಂತೆ. ಜಾಲಕ್ಕೆ ಹೋಗುವ ಅನುಮತಿ ಪಡೆದ ಆ್ಯಪುಗಳನ್ನು ಆರಂಭದ ಆವೃತ್ತಿಗಳಲ್ಲಿ 3003 ಎಂಬ ಸಂಖ್ಯೆಯ ಗುಂಪಿಗೆ ಸೇರಿಸಲಾಗುತ್ತಿತ್ತು. ಆ ಗುಂಪಿನಲ್ಲಿಲ್ಲದ ಆ್ಯಪು ಜಾಲದ ಸಂಪರ್ಕ ಕೇಳಿದರೆ ಕರ್ನೆಲ್ ಇಲ್ಲವೆನ್ನುತ್ತಿತ್ತು. ಮುಂದೆ ಇದೇ ತಪಾಸಣೆಯ ಬಗೆ ಬದಲಾಯಿತು, ತತ್ವ ಬದಲಾಗಲಿಲ್ಲ. ಎಂದರೆ ಕದವೂ ಇದೆ, ಅಗಳಿಯೂ ಇದೆ, ಕಾವಲುಗಾರನೂ ಎಚ್ಚರವಾಗಿದ್ದಾನೆ.

ಆದರೆ 2015ರ 6ನೆಯ ಆವೃತ್ತಿಯಿಂದೀಚೆಗೆ, ಕ್ಯಾಮೆರಾ, ಧ್ವನಿ, ಸ್ಥಳ ಮೊದಲಾದವುಗಳಿಗೆ ಒಡೆಯನನ್ನು ಕೇಳಬೇಕೆಂದೂ, ಜಾಲದ ಅನುಮತಿಯನ್ನು ಮಾತ್ರ ಸಾಧಾರಣ ವರ್ಗಕ್ಕೆ ಸೇರಿಸಿ ಕೇಳದೆಯೇ ಕೊಟ್ಟುಬಿಡಬೇಕೆಂದೂ ಏರ್ಪಾಡಾಯಿತು. ಆ್ಯಪನ್ನು ಬರೆದವನು ತನಗೆ ಜಾಲ ಬೇಕೆಂದು ಒಂದು ಸಾಲು ಬರೆದರೆ ತೀರಿತು. ಒಡೆಯನ ಮಾತೇ ಬೇಕಿಲ್ಲ. ಹಿನ್ನೆಲೆಯಲ್ಲಿ ಜಾಲ ಬಳಸದಂತೆ ತಡೆಯುವ ಒಂದು ಗುಂಡಿ ಸೆಟ್ಟಿಂಗಿನ ಆಳದಲ್ಲಿದೆ, ಕೆಲವು ಕಂಪನಿಗಳ ಫೋನುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚಿನ ಹಿಡಿತವಿದೆ ಎಂಬದನ್ನು ಒಪ್ಪೋಣ. ಆದರೆ ಈ ಆ್ಯಪು ಹೊರಗೆ ಹೋಗಲೇಕೂಡದು ಎಂದು ಹೇಳುವ ನೇರವಾದ ಅಧಿಕಾರ ಸಾಮಾನ್ಯ ಆಂಡ್ರಾಯ್ಡ್ ಫೋನಿನ ಒಡೆಯನಿಗೆ ಸಿಕ್ಕಿಲ್ಲ.

ಇದರಿಂದ ಏನು ಹಾನಿಯಾಗುತ್ತದೆಂಬದಕ್ಕೆ ಒಂದು ನಿದರ್ಶನ ಸಾಕು. ಫೋನಿನ ದೀಪ ಹೊತ್ತಿಸುವ ಆ್ಯಪೊಂದು ಲಕ್ಷಾಂತರ ಜನರ ಕೈಯಲ್ಲಿತ್ತು. ಅದು ಬಳಕೆದಾರರ ಸ್ಥಳವನ್ನೂ ಫೋನಿನ ಗುರುತನ್ನೂ ಜಾಹೀರಾತಿನವರಿಗೆ ಸಾಗಿಸುತ್ತಿದೆಯೆಂದು ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಶನ್ ದೂರಿತು; 2013ರ ಡಿಸೆಂಬರದಲ್ಲಿ ಆ ಪ್ರಕರಣ ಒಪ್ಪಂದದಲ್ಲಿ ಮುಗಿಯಿತು. ಬಳಕೆದಾರನು ಕರಾರಿಗೆ ಒಪ್ಪಿಗೆ ಕೊಡುವ ಮೊದಲೇ ಮಾಹಿತಿ ಹೊರಟುಹೋಗುತ್ತಿತ್ತೆಂಬದು ಆ ದೂರಿನ ಒಂದು ಅಂಶ. ಕತ್ತಲೆಯಲ್ಲಿ ದಾರಿ ತೋರಿಸುವ ದೀಪಕ್ಕೆ ದೂರದ ಊರಿನ ಸಂಗಡ ಮಾತೇಕೆ? ದೀಪಕ್ಕೆ ಜಾಲ ಬೇಡ ಎಂಬಷ್ಟು ವಿವೇಕ ನಮ್ಮ ಹಳ್ಳಿಯ ಯಾವ ಅಜ್ಜಿಗೂ ಉಂಟು. ಆದರೆ ಅವಳನ್ನು ಕೇಳುವವರು ಯಾರು?

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಒಂದು, ಜನರಿಗೆ ಇದು ತಿಳಿಯದು. ಪದೇ ಪದೇ ಕೇಳಿದರೆ ಬೇಸತ್ತು ಎಲ್ಲದಕ್ಕೂ ಹೂಂ ಎಂದುಬಿಡುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಅದು ಪ್ರಶ್ನೆಗಳನ್ನು ಕಡಿಮೆ ಮಾಡಿ ತಿಳಿಯಾಗಿ ಕೇಳಬೇಕೆಂಬದಕ್ಕೆ ಕಾರಣವೇ ಹೊರತು ಕೇಳಲೇಬಾರದೆಂಬದಕ್ಕಲ್ಲ. ಓದಲು ಬಾರದವರಿಗೂ ಮತದಾನದ ಹಕ್ಕು ಕೊಟ್ಟ ದೇಶ ನಮ್ಮದು. ಅಕ್ಷರ ಬಾರದವರಿಗೆ ಚಿಹ್ನೆಗಳನ್ನು ಕೊಟ್ಟೆವು, ಹಕ್ಕನ್ನು ಕಸಿಯಲಿಲ್ಲ. ಎರಡು, ಪುಕ್ಕಟೆ ಆ್ಯಪುಗಳು ಜಾಹೀರಾತಿನ ಮೇಲೆ ಬದುಕುತ್ತವೆ. ಬಾಗಿಲು ಮುಚ್ಚಿದರೆ ಅವು ಸಾಯುತ್ತವೆ. ಹಾಗಿದ್ದರೆ ಅವು ಎದುರಿಗೆ ನಿಂತು, ನನಗೆ ಇಂಥ ಕಾರಣಕ್ಕಾಗಿ ಜಾಲ ಬೇಕು ಎಂದು ಕೇಳಲಿ, ಬೇಕೆನಿಸಿದವನು ಕೊಡುವನು. ಬೆಲೆಯನ್ನು ಹೇಳದೆ ಸರಕನ್ನು ಕೈಗಿಡುವದು ವ್ಯಾಪಾರವಲ್ಲ. ಮೂರು, ಒಂದು ಆ್ಯಪಿನ ಬಾಗಿಲು ಮುಚ್ಚಿದರೆ ಅದು ನೆರೆಯ ಆ್ಯಪಿನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಬಹುದು. ಇದು ನಿಜವಾದ ತೊಡಕು, ಮೂರರಲ್ಲಿ ಬಲವಾದದ್ದು. ಆದರೂ ಗೋಡೆಯಲ್ಲಿ ಕಂಡಿಯಿದೆಯೆಂದು ಬಾಗಿಲನ್ನು ಯಾರೂ ಕಿತ್ತೊಗೆಯುವದಿಲ್ಲ. ಕಂಡಿಯನ್ನು ಮುಚ್ಚಲು ನೋಡುತ್ತಾರೆ. ಆಂಡ್ರಾಯ್ಡನ್ನೇ ತಳಹದಿಯಾಗಿಟ್ಟುಕೊಂಡ ಗ್ರಾಫೀನ್ ಓಎಸ್ ಮತ್ತು ಲಿನಿಯೇಜ್ ಓಎಸ್ ಎಂಬ ವ್ಯವಸ್ಥೆಗಳಲ್ಲಿ ಪ್ರತಿ ಆ್ಯಪಿಗೂ ಜಾಲದ ಅನುಮತಿಯನ್ನು ಒಡೆಯನೇ ಕೊಡಬಹುದು, ಹಿಂದೆಗೆದುಕೊಳ್ಳಬಹುದು. ಆದುದರಿಂದ ಆಗದ ಮಾತೆಂದು ಹೇಳುವಂತಿಲ್ಲ. ಮಾಡುವ ಮನಸ್ಸಿನ ಮಾತಷ್ಟೇ.

ಯಂತ್ರ ಮತ್ತು ಪ್ರಜೆಯ ನಡುವಿನ ಸಂಬಂಧ ಹೇಗಿರಬೇಕೆಂಬದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಒಂದು ಒಳ್ಳೆಯ ಮಾದರಿಯುಂಟು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕಂದಾಯ ಇಲಾಖೆಯು ಭೂಮಿ ಎಂಬ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅದಕ್ಕೆ ಮೊದಲು ಉತಾರವೆಂದರೆ ತಲಾಠಿಯ ದಫ್ತರದಲ್ಲಿದ್ದ ಕೈಬರಹ. ಅದನ್ನು ಕೊಡುವದು, ಬಿಡುವದು, ತಡಮಾಡುವದು ಅವನ ಮರ್ಜಿ. ಹೊಸ ಏರ್ಪಾಡಿನಲ್ಲಿ ದಾಖಲೆಯನ್ನು ಮುಟ್ಟುವ ನೌಕರನು ಮೊದಲು ಬೆರಳಚ್ಚು ಕೊಟ್ಟು ತಾನು ಯಾರೆಂದು ತೋರಿಸಬೇಕಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ಮುಗಿಸಬೇಕಾಯಿತು. ಇವೆರಡಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದು. ತಾಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ನೌಕರನ ಮುಂದೆ ಒಂದು ಪರದೆಯಿದ್ದರೆ, ರೈತನ ಕಡೆಗೆ ಮುಖಮಾಡಿ ಎರಡನೆಯದೊಂದು ಪರದೆಯನ್ನು ಇಡಲಾಯಿತು. ತನ್ನ ಹೊಲದ ವಿಷಯದಲ್ಲಿ ಒಳಗೆ ಏನು ನಡೆಯುತ್ತಿದೆಯೆಂಬದನ್ನು ರೈತನು ನಿಂತಲ್ಲಿಂದಲೇ ನೋಡಬಹುದಾಗಿತ್ತು. 15 ರೂಪಾಯಿಯ ಉತಾರಕ್ಕಾಗಿ ಬಂದವನಿಗೆ ಆ ಪರದೆ ಕೊಟ್ಟ ಗೌರವ ಸಣ್ಣದಲ್ಲ.

ಭೂಮಿ ಯೋಜನೆಯಲ್ಲಿ ಕುಂದುಕೊರತೆಗಳಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆ ಎರಡನೆಯ ಪರದೆಯ ತತ್ವವನ್ನು ಎತ್ತಿ ಹೇಳುತ್ತಿದ್ದೇನೆ, ಅಷ್ಟೇ. ಕರ್ನೆಲಿನ ಅಗಸಿಗೆ ಬೇಕಾಗಿರುವದು ಅದೇ. ಯಾವ ಆ್ಯಪು ಇಂದು ಹೊರಗೆ ಹೋಯಿತು, ಎಷ್ಟು ಸಲ ಹೋಯಿತು, ಯಾರ ಮನೆಗೆ ಹೋಯಿತು ಎಂಬ ಲೆಕ್ಕವನ್ನು ಕರ್ನೆಲ್ ಇಡಬಲ್ಲದು. ಆ ಲೆಕ್ಕವನ್ನು ಒಡೆಯನ ಕಡೆಗೆ ತಿರುಗಿಸಿರಿ. ಅವನಿಗೆ ತಿಳಿಯುವ ಮಾತಿನಲ್ಲಿ ಬರೆಯಿರಿ. ಬೇಡವೆನ್ನುವ ಗುಂಡಿಯನ್ನು ಅದರ ಪಕ್ಕದಲ್ಲಿಯೇ ಇಡಿರಿ. ಜಾಲವಿಲ್ಲದೆ ತನ್ನ ಕೆಲಸ ಮಾಡಬಲ್ಲ ಆ್ಯಪಿಗೆ ಬಾಗಿಲು ಮುಚ್ಚಿಯೇ ಇರಲಿ, ಕೇಳಿದರೆ ತೆರೆಯಲಿ. ನಾನು ಬೇಡುವದು ಇಷ್ಟೇ.

ಕಾನೂನಿನ ಬಲವೂ ಈ ಬೇಡಿಕೆಗೆ ಇಲ್ಲದಿಲ್ಲ. ಖಾಸಗಿ ಬದುಕು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು; ತಮ್ಮ ಇಳಿವಯಸ್ಸಿನಲ್ಲಿ ಅರ್ಜಿ ಹಾಕಿದ ಕನ್ನಡಿಗರು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆ ಪ್ರಜೆಗಿರಬೇಕೆಂದು ವಿಧಿಸುತ್ತದೆ. ಕನ್ನಡವು ಆ ಅನುಸೂಚಿಯಲ್ಲಿದೆ. ಆದರೆ ಕಾಯಿದೆಯು ತಪ್ಪು ನಡೆದ ಮೇಲೆ ವಿಚಾರಿಸುವಂಥದು. ಅಗಸಿಯು ತಪ್ಪು ನಡೆಯದಂತೆ ತಡೆಯುವಂಥದು. ಕಾಯಿದೆ ಪುಸ್ತಕದಲ್ಲಿದ್ದು ಕದಕ್ಕೆ ಅಗಳಿಯಿಲ್ಲದಿದ್ದರೆ ಮನೆಯವನ ನಿದ್ರೆ ನಿದ್ರೆಯಲ್ಲ.

ವಿದ್ಯಾರ್ಥಿ ಮಿತ್ರರು ಮಾಡಬಹುದಾದ ಕೆಲಸವೂ ಉಂಟು. ಫೋನಿನ ಸೆಟ್ಟಿಂಗನ್ನು ತೆರೆದು ಯಾವ ಆ್ಯಪು ಎಷ್ಟು ಜಾಲ ಬಳಸಿದೆಯೆಂಬ ಪಟ್ಟಿಯನ್ನು ಒಮ್ಮೆ ಓದಿರಿ. ಮನೆಯ ಹಿರಿಯರಿಗೂ ಓದಿ ಹೇಳಿರಿ. ಕೆಲಸಕ್ಕೆ ಬಾರದ ಆ್ಯಪನ್ನು ತೆಗೆದುಹಾಕಿರಿ. ಅನುಮತಿ ಕೇಳುವ ಸಾಲುಗಳ ಕನ್ನಡ ಅನುವಾದ ನಮ್ಮ ಜನಕ್ಕೆ ತಿಳಿಯದಂತಿದ್ದರೆ, ತಿಳಿಯುವ ಕನ್ನಡದಲ್ಲಿ ಬರೆದು ಕಳಿಸಿರಿ. ಮುಕ್ತ ತಂತ್ರಾಂಶಗಳಲ್ಲಿ ಅಂಥ ಅನುವಾದವನ್ನು ಯಾರು ಬೇಕಾದರೂ ಮಾಡಿ ಒಪ್ಪಿಸಬಹುದು. ಇದು ಎಂಜಿನಿಯರರಿಗಿಂತ ಭಾಷೆ ಓದಿದವರಿಗೇ ಹೆಚ್ಚು ಒಗ್ಗುವ ಕೆಲಸ. ಕಾವಲುಗಾರನು ಗಟ್ಟಿಗನಿದ್ದಾನೆ, ಕದ ಬಲವಾಗಿದೆ. ಕೀಲಿಕೈ ಕೊಡಿರೆಂದು ಕೇಳುವ ಧ್ವನಿ ನಮ್ಮಿಂದ ಏಳಬೇಕಾಗಿದೆ.